ಕುಗ್ಗುತ್ತಿರುವ ಪಟ್ಟಣವೂ ದೇವರ ಮನೆಯೂ

ಮನೆಯಲ್ಲಿ ಜನ ಕಡಿಮೆಯಾದಾಗ ಮೊದಲು ಅಟ್ಟವನ್ನೇರತಕ್ಕದ್ದು ದೊಡ್ಡ ಪಾತ್ರೆ. ಇಪ್ಪತ್ತು ಮಂದಿಗೆ ಅನ್ನವಾಗುತ್ತಿದ್ದ ಕೊಳದಪ್ಪಲೆ, ಹೆಣ್ಣುಮಕ್ಕಳು ಅತ್ತೆಯ ಮನೆಗೂ ಗಂಡುಮಕ್ಕಳು ಉದ್ಯೋಗದ ಊರಿಗೂ ಹೊರಟುಹೋದ ಮೇಲೆ, ಇಬ್ಬರ ಅನ್ನಕ್ಕೆ ಸಲ್ಲುವುದಿಲ್ಲ. ಮನೆಯೊಡತಿ ಅದನ್ನು ತೊಳೆದು ಒರಸಿ ಮೇಲಕ್ಕಿಡುತ್ತಾಳೆ. ಮಾರಲು ಮನಸ್ಸು ಬಾರದು, ಇಟ್ಟುಕೊಳ್ಳಲು ಸ್ಥಳ ಸಾಲದು. ಈ ಸಂಕಟವನ್ನು ಅನುಭವಿಸದವರು ನಮ್ಮ ವಾಚಕರಲ್ಲಿ ವಿರಳ. ಆದರೆ ಒಂದು ಪಟ್ಟಣಕ್ಕೆ ಪಟ್ಟಣವೇ ಹೀಗೆ ಬರಿದಾಗುತ್ತ ಬಂದರೆ, ಅಲ್ಲಿಯ ಜನರು ತಮ್ಮ ಏಳಿಗೆಯ ಕಾಲದಲ್ಲಿ ಕಟ್ಟಿಕೊಂಡ ದೇವರ ಮನೆಗಳನ್ನು ಯಾವ ಅಟ್ಟಕ್ಕೇರಿಸಬೇಕು? ಈ ಪ್ರಶ್ನೆಯನ್ನು ನಾವು ಪುಸ್ತಕದಿಂದ ಎತ್ತಿಕೊಂಡದ್ದಲ್ಲ. ಶಿವಮೊಗ್ಗೆಯಿಂದ ಭದ್ರಾವತಿಗೆ ಹೋಗಿಬಂದ ಒಂದು ಭಾನುವಾರ ಅದು ನಮ್ಮನ್ನು ಹಿಡಿದುಕೊಂಡಿತು, ಇನ್ನೂ ಬಿಟ್ಟಿಲ್ಲ.

ಈ ಎರಡು ಊರುಗಳಿಗೆ ನಡುವೆ ಇರುವ ದೂರ ಇಪ್ಪತ್ತು ಕಿಲೋಮೀಟರನ್ನು ಮೀರದು. ಎರಡಕ್ಕೂ ಒಂದೇ ಬಿ. ಎಚ್. ರಸ್ತೆ, ಒಂದೇ ರೈಲುದಾರಿ. ತುಂಗೆಯ ದಡದಲ್ಲಿ ಒಂದು, ಭದ್ರೆಯ ದಡದಲ್ಲಿ ಇನ್ನೊಂದು. ಆದರೂ ಇವುಗಳ ಹಣೆಬರಹ ಬೇರೆಬೇರೆ. ಜನಗಣತಿಯನ್ನು ನೋಡಿದರೆ 2001ರಲ್ಲಿ ಸುಮಾರು 2 ಲಕ್ಷ 74 ಸಾವಿರವಿದ್ದ ಶಿವಮೊಗ್ಗೆಯ ಜನಸಂಖ್ಯೆ 2011ರ ಹೊತ್ತಿಗೆ 3 ಲಕ್ಷ 22 ಸಾವಿರಕ್ಕೆ ಏರಿತು. ಅದೇ ಹತ್ತು ವರ್ಷಗಳಲ್ಲಿ ಭದ್ರಾವತಿಯ ಜನಸಂಖ್ಯೆ ಸುಮಾರು 1 ಲಕ್ಷ 60 ಸಾವಿರದಿಂದ 1 ಲಕ್ಷ 51 ಸಾವಿರಕ್ಕೆ ಇಳಿಯಿತು. ನಮ್ಮ ದೇಶದಲ್ಲಿ ಪಟ್ಟಣಗಳು ಬೆಳೆಯುವುದನ್ನು ಕಂಡವರೇ ಎಲ್ಲರೂ. ಇಳಿಯುವ ಪಟ್ಟಣ ಅಪರೂಪ. ‘ಕೆಟ್ಟು ಪಟ್ಟಣ ಸೇರು’ ಎಂದು ಗಾದೆಯುಂಟಷ್ಟೆ. ಪಟ್ಟಣವೇ ಕೆಟ್ಟರೆ ಸೇರುವುದೆಲ್ಲಿಗೆ ಎಂಬುದನ್ನು ಗಾದೆ ಕಟ್ಟಿದವರು ಹೇಳಿಹೋಗಲಿಲ್ಲ.

ಭದ್ರಾವತಿಗೆ ಹಿಂದೆ ಬೆಂಕಿಪುರವೆಂದು ಹೆಸರು. ಹಳೇನಗರದಲ್ಲಿರುವ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹಸ್ವಾಮಿಯ ದೇವಸ್ಥಾನವೇ ಆ ಊರಿನ ಪ್ರಾಚೀನತೆಗೆ ಸಾಕ್ಷಿ. ಆದರೆ ಈಗಿನ ಭದ್ರಾವತಿಯನ್ನು ಹುಟ್ಟಿಸಿದ್ದು ಕಬ್ಬಿಣ. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಸಂಕಲ್ಪದಿಂದ, 1918ರಲ್ಲಿ ಕಾರ್ಯಾರಂಭವಾಗಿ 1923ರಲ್ಲಿ ಇಲ್ಲಿಯ ಕುಲುಮೆಗೆ ಬೆಂಕಿ ಬಿತ್ತು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ. ಇದ್ದಲು ಮಲೆನಾಡಿನ ಕಾಡಿನಿಂದ. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆಯೂ ಸ್ಥಾಪಿತವಾಯಿತು. ಹೀಗೆ ಒಂದೇ ಊರಿಗೆ ಎರಡು ಅನ್ನದ ಬಟ್ಟಲುಗಳಾದುವು. ಕೆಲಸವನ್ನು ಅರಸಿ ತಮಿಳರು ಬಂದರು, ತೆಲುಗರು ಬಂದರು, ಮಲೆಯಾಳಿಗಳು ಬಂದರು, ಕರಾವಳಿಯಿಂದ ಕೊಂಕಣಿಯವರು ಬಂದರು, ಸುತ್ತಣ ಹಳ್ಳಿಗಳ ಕನ್ನಡಿಗರಂತೂ ಬಂದೇ ಬಂದರು. ಬಂದವರಿಗೆ ಕಾರ್ಖಾನೆಯವರು ಸಾಲುಮನೆಗಳನ್ನು ಕಟ್ಟಿಕೊಟ್ಟರು. ಮನುಷ್ಯನಿಗೆ ಮನೆಯಾದ ಮೇಲೆ ದೇವರಿಗೆ ಮನೆ ಬೇಡವೆ? ಒಬ್ಬೊಬ್ಬರು ತಮ್ಮ ತಮ್ಮ ಊರಿನ ದೇವರನ್ನು ನೆನೆದು ಗುಡಿ, ಮಸೀದಿ, ಇಗರ್ಜಿಗಳನ್ನು ಎಬ್ಬಿಸಿದರು. ನ್ಯೂಟೌನಿನ ಅಮಲೋದ್ಭವ ಮಾತೆಯ ದೇವಾಲಯ ಮೊದಲಾದವು ಇಂಥ ದುಡಿಮೆಗಾರರ ಭಕ್ತಿಯಿಂದ ಬಾಳಿದವು.

ಆ ಎರಡು ಬಟ್ಟಲುಗಳ ಗತಿ ವಾಚಕರಿಗೆ ತಿಳಿಯದುದಲ್ಲ. ಕಬ್ಬಿಣದ ಕಾರ್ಖಾನೆ 1989ರಲ್ಲಿ ಭಾರತ ಉಕ್ಕು ಪ್ರಾಧಿಕಾರದ ಆಶ್ರಯಕ್ಕೆ ಹೋಯಿತು. 1998ರಲ್ಲಿ ಅದರೊಳಗೇ ವಿಲೀನವಾಯಿತು. ಕೆಲಸಗಾರರ ಸಂಖ್ಯೆ ವರ್ಷ ವರ್ಷಕ್ಕೂ ಕರಗಿತು. ಕಾಗದದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತುವು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಪ್ರಕಟವಾದಾಗ ಊರಿಗೆ ಊರೇ ಬೀದಿಗಿಳಿದು ಹೋರಾಡಿತು. ಅದೇ ವರ್ಷ ಕೆಲವು ವಿಭಾಗಗಳಲ್ಲಿ ಕೆಲಸ ಮತ್ತೆ ಮೊದಲಾಯಿತು. ಆದರೂ ಹೋದ ಜನ ಹೋದರು. ಸಾಲುಮನೆಗಳಲ್ಲಿ ಎಷ್ಟೋ ಮನೆಗಳ ಕದಕ್ಕೆ ಬೀಗ, ಅಂಗಳದಲ್ಲಿ ಹುಲ್ಲು.

ನಮ್ಮ ಗೆಳೆಯರೊಬ್ಬರು ಆ ಊರಿನಲ್ಲಿದ್ದಾರೆ. ಹಿಂದೆ ನಮ್ಮೊಡನೆ ಒಂದೇ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವರು, ಕ್ರೈಸ್ತರು. ತಂದೆ ಕುಲುಮೆಯ ಮುಂದೆ ದುಡಿದವರು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ನೆಲಸಿ, ‘ಅಪ್ಪಾ, ಒಬ್ಬರೇ ಅಲ್ಲಿ ಏಕೆ, ಬಂದುಬಿಡಿ’ ಎಂದು ಕರೆಯುತ್ತಲೇ ಇರುವರು. ಇವರು ಹೋಗಲೊಲ್ಲರು. ಹೆಂಡತಿಯನ್ನು ಮಣ್ಣು ಮಾಡಿರುವುದು ಆ ಊರಿನ ಸಮಾಧಿಭೂಮಿಯಲ್ಲಿ. ಭಾನುವಾರ ಬಲಿಪೂಜೆ ಮುಗಿಸಿ ಅಲ್ಲಿಗೆ ಹೋಗಿ ಹೂವಿಟ್ಟು ಬಂದರೆ ಅವರಿಗೆ ವಾರ ತುಂಬಿದಂತೆ.

ಆ ಭಾನುವಾರ ಅವರ ಮನೆಯಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದಾಗ ಒಂದು ಗೀಟಿನ ಪುಸ್ತಕವನ್ನು ತಂದು ನಮ್ಮ ಮುಂದಿಟ್ಟರು. ಒಳಗೆ ತೆರೆದು ನೋಡಿದರೆ ಬರಿಯ ತಾರೀಕುಗಳು, ಪಕ್ಕದಲ್ಲಿ ಒಂದೊಂದು ಅಂಕಿ. ‘ಏನು ಮೇಷ್ಟ್ರೇ ಇದು?’ ಎಂದೆವು.

‘ಪಂಡಿತರೇ, ಅಭ್ಯಾಸಬಲ. ತರಗತಿಯಲ್ಲಿ ಹಾಜರಿ ತೆಗೆದೂ ತೆಗೆದೂ ತಲೆ ಎಣಿಸುವ ಚಟ ಹತ್ತಿಬಿಟ್ಟಿದೆ. ಪೂಜೆಗೆ ಎಷ್ಟು ಜನ ಬಂದರು ಎಂದು ಪ್ರತಿ ವಾರ ಬರೆದಿಡುತ್ತ ಬಂದೆ. ಹಿಂದೆ ನಿಲ್ಲಲು ಸ್ಥಳವಿಲ್ಲದೆ ಬಾಗಿಲಾಚೆ ನಿಲ್ಲುತ್ತಿದ್ದೆವು. ಈಗ ಬೆಂಚು ಹೆಚ್ಚು, ಜನ ಕಡಿಮೆ. ಇದನ್ನು ಗುರುಗಳಿಗೆ ತೋರಿಸಬೇಕೆಂದು ಎಷ್ಟೋ ಸಲ ಅಂದುಕೊಂಡೆ. ತೋರಿಸಿದರೆ, ಇಷ್ಟು ಜನಕ್ಕೆ ಒಂದು ದೇವಾಲಯವೇಕೆ, ಪಕ್ಕದ್ದಕ್ಕೆ ಸೇರಿಸಿಬಿಡೋಣ ಎಂದು ಮೇಲಿನವರಿಗೆ ತೋಚೀತೆಂದು ಭಯ. ಬಚ್ಚಿಟ್ಟರೆ ಸುಳ್ಳು ಹೇಳಿದಂತೆ. ಏನು ಮಾಡಲಿ?’

ಅಂಥ ನಿರ್ಣಯವೇನೂ ಅವರ ಕಿವಿಗೆ ಬಿದ್ದಿರಲಿಲ್ಲ. ಅವರದು ಬರಿಯ ಮುಂಗಾಣ್ಕೆ. ಆ ಅಂಕಿಗಳನ್ನು ಇಲ್ಲಿ ಬರೆದರೆ ಗೆಳೆತನಕ್ಕೆ ದ್ರೋಹವಾಗುವುದು, ಬರೆಯುವುದಿಲ್ಲ. ಆದರೆ ಅವರ ಪ್ರಶ್ನೆಗೆ ಆ ಹೊತ್ತು ನಮ್ಮಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದ ಮೇಲೆ ಈ ವಿಷಯವನ್ನು ಕುರಿತು ಓದಿದೆವು, ತಿಳಿದವರನ್ನು ಕೇಳಿದೆವು. ತಿಳಿದುದನ್ನು ವಾಚಕರ ಮುಂದಿಡುತ್ತೇವೆ.

ಮೊದಲು ಶಬ್ದವಿಚಾರ. ಕ್ಯಾಥೋಲಿಕ ಕ್ರೈಸ್ತರು ಒಂದು ದೇವಾಲಯಕ್ಕೆ ಸೇರಿದ ನೆರೆಹೊರೆಯ ಸಮುದಾಯವನ್ನು ಕನ್ನಡದಲ್ಲಿ ಧರ್ಮಕೇಂದ್ರವೆನ್ನುತ್ತಾರೆ, ಇಂಗ್ಲಿಷಿನಲ್ಲಿ ಪ್ಯಾರಿಷ್. ಇದರ ಮೂಲ ಗ್ರೀಕಿನ ಪರೋಯ್ಕಿಯ. ಪರ ಎಂದರೆ ಬಳಿ, ಓಯ್ಕೊಸ್ ಎಂದರೆ ಮನೆ. ಓಯ್ಕೊಸ್ ಶಬ್ದವೂ ನಮ್ಮ ಸಂಸ್ಕೃತದ ವೇಶ ಶಬ್ದವೂ ಒಂದೇ ತಾಯಿಯ ಮಕ್ಕಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಸಂಸ್ಕೃತದಲ್ಲಿ ನೆರೆಮನೆಗೆ ಪ್ರತಿವೇಶವೆಂದು ಹೆಸರು. ಹಾಗಾದರೆ ಪ್ಯಾರಿಷ್ ಎಂಬುದು ಕಲ್ಲಿನ ಕಟ್ಟಡದ ಹೆಸರಲ್ಲ, ಗೋಪುರದ ಹೆಸರಲ್ಲ; ನೆರೆಯ ಹೆಸರು. ಗ್ರೀಕಿನಲ್ಲಿ ಅದಕ್ಕೆ ಇನ್ನೂ ಒಂದು ಛಾಯೆಯಿದೆ: ಪರಸ್ಥಳದಲ್ಲಿ ಬಂದು ತಂಗಿದವರ ಬಿಡಾರ ಎಂದು. ಹೊಟ್ಟೆಯ ಪಾಡಿಗಾಗಿ ನಾನಾ ದೇಶಗಳಿಂದ ಬಂದು ಬೆಂಕಿಪುರದಲ್ಲಿ ತಂಗಿದವರಿಗೆ ಇದಕ್ಕಿಂತ ಒಪ್ಪುವ ಹೆಸರುಂಟೆ?

ಇಂಥ ಧರ್ಮಕೇಂದ್ರವನ್ನು ಸ್ಥಾಪಿಸುವ, ಒಂದಕ್ಕೊಂದು ಕೂಡಿಸುವ, ಇಲ್ಲವಾಗಿಸುವ ಅಧಿಕಾರ ಆ ಪ್ರಾಂತ್ಯದ ಧರ್ಮಾಧ್ಯಕ್ಷರಿಗೆ ಮಾತ್ರ ಉಂಟು. ಆದರೆ 1983ರ ಅವರ ಧರ್ಮಸಂಹಿತೆಯ ಪ್ರಕಾರ, ಗುರುಗಳ ಸಭೆಯ ಅಭಿಪ್ರಾಯವನ್ನು ಕೇಳದೆ ಇದನ್ನು ಮಾಡತಕ್ಕದ್ದಲ್ಲ. ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಧರ್ಮಕೇಂದ್ರವನ್ನು ಇನ್ನೊಂದರಲ್ಲಿ ಸೇರಿಸುವುದು ಬೇರೆ, ದೇವಾಲಯವನ್ನು ಮುಚ್ಚುವುದು ಬೇರೆ. ಎರಡು ಕೇಂದ್ರಗಳು ಒಂದಾದರೂ ಎರಡು ದೇವಾಲಯಗಳಲ್ಲಿಯೂ ಪೂಜೆ ನಡೆಯಬಹುದು. ಮುಚ್ಚಲೇಬೇಕಾಗಿ ಬಂದರೆ ಕಟ್ಟಡವನ್ನು ಲೌಕಿಕವಾದ, ಆದರೆ ಹೀನವಲ್ಲದ ಉಪಯೋಗಕ್ಕೆ ಬಿಡಬಹುದೆಂದು ಆ ಸಂಹಿತೆ ಹೇಳುತ್ತದೆ. ಜ್ಞಾನಸ್ನಾನ, ವಿವಾಹ, ಮರಣಗಳನ್ನು ಬರೆದಿಡುವ ದಫ್ತರಗಳನ್ನು ಎಚ್ಚರದಿಂದ ಕಾಪಾಡಬೇಕೆಂಬುದೂ ಅಲ್ಲಿಯ ವಿಧಿ.

ಈ ನಿಯಮಗಳು ಲೋಕದಲ್ಲಿ ಹೇಗೆ ನಡೆದುವೆಂಬುದನ್ನು ತಿಳಿಯಬೇಕಾದರೆ ಅಮೆರಿಕದ ಕಬ್ಬಿಣದ ಊರುಗಳತ್ತ ಕಣ್ಣು ಹಾಯಿಸಬೇಕು. ಅವು ಭದ್ರಾವತಿಗೆ ದೊಡ್ಡಕ್ಕಂದಿರು. ಪಿಟ್ಸ್‌ಬರ್ಗ್ ಪಟ್ಟಣ ಉಕ್ಕಿನಿಂದಲೇ ಲೋಕಪ್ರಸಿದ್ಧವಾದದ್ದು. ಅಲ್ಲಿಯ ಜನಸಂಖ್ಯೆ 1950ರಲ್ಲಿ ಸುಮಾರು 6 ಲಕ್ಷ 76 ಸಾವಿರ. 2020ರಲ್ಲಿ ಸುಮಾರು 3 ಲಕ್ಷ 3 ಸಾವಿರ. ಆ ಕಾಲದಲ್ಲಿ ಪೋಲೆಂಡಿನವರು, ಇಟಲಿಯವರು, ಜರ್ಮನರು, ಐರಿಷರು ತಮತಮಗೆ ಬೇರೆಬೇರೆ ದೇವಾಲಯಗಳನ್ನು, ಒಂದರ ಕೂಗಳತೆಯಲ್ಲಿ ಇನ್ನೊಂದನ್ನು ಕಟ್ಟಿಕೊಂಡಿದ್ದರು. ಕುಲುಮೆಗಳು ಆರಿದುವು, ಮಕ್ಕಳು ದೂರ ಹೋದರು, ಗುರುಗಳ ಸಂಖ್ಯೆಯೂ ಇಳಿಯಿತು. 2018ರಲ್ಲಿ ಆ ಧರ್ಮಪ್ರಾಂತ್ಯದ 188 ಧರ್ಮಕೇಂದ್ರಗಳನ್ನು 57 ಗುಂಪುಗಳಾಗಿ ಕೂಡಿಸಲಾಯಿತು. ಅದಕ್ಕೂ ಮೊದಲೇ, 1993ರಲ್ಲಿ ಮುಚ್ಚಿದ ಒಂದು ದೇವಾಲಯ 1996ರಲ್ಲಿ ಬಿಯರ್ ಭಟ್ಟಿಯಿಳಿಸಿ ಬಡಿಸುವ ಭೋಜನಶಾಲೆಯಾಯಿತು. ಪೂಜಾವೇದಿಕೆಯಿದ್ದ ಎಡೆಯಲ್ಲಿ ಕಡಾಯಿಗಳು ಬಂದು ಕುಳಿತುವು. ಹಾಲೆಂಡಿನ ಮಾಸ್ಟ್ರಿಕ್ಟ್ ಎಂಬ ಊರಿನಲ್ಲಿಯಾದರೋ, ಶತಮಾನಗಳ ಹಿಂದೆಯೇ ಪೂಜೆ ನಿಂತಿದ್ದ ಒಂದು ಪುರಾತನ ದೇವಾಲಯ ಪುಸ್ತಕದಂಗಡಿಯಾಗಿದೆ. ‘ಹೀನವಲ್ಲದ ಉಪಯೋಗ’ವೆಂಬ ಮಾತಿಗೆ ಈ ಎರಡರಲ್ಲಿ ಯಾವುದು ಒಪ್ಪುವುದೆಂಬುದನ್ನು ವಾಚಕರೇ ನಿರ್ಣಯಿಸಲಿ. ಮೇಷ್ಟ್ರಾಗಿದ್ದವರನ್ನು ಕೇಳಿದರೆ ಉತ್ತರ ಮೊದಲೇ ಗೊತ್ತು.

ಕ್ಲೀವ್‌ಲೆಂಡ್ ಎಂಬುದು ಇನ್ನೊಂದು ಉಕ್ಕಿನ ಊರು. 1950ರಲ್ಲಿ 9 ಲಕ್ಷವನ್ನು ಮೀರಿದ್ದ ಜನ 2020ರಲ್ಲಿ 3 ಲಕ್ಷ 72 ಸಾವಿರಕ್ಕಿಳಿದರು. ಅಲ್ಲಿಯ ಧರ್ಮಾಧ್ಯಕ್ಷರು 2009 ಮತ್ತು 2010ರಲ್ಲಿ ಸುಮಾರು ಐವತ್ತು ಧರ್ಮಕೇಂದ್ರಗಳನ್ನು ನಿಲ್ಲಿಸಿದರು. ಜನರು ಸುಮ್ಮನೆ ಅತ್ತು ಮನೆಗೆ ಹೋಗಲಿಲ್ಲ. ರೋಮಿಗೆ ಮೇಲ್ಮನವಿ ಬರೆದರು. 2012ರಲ್ಲಿ ರೋಮಿನ ಅಧಿಕಾರಿಗಳು, ವಿಧಿಯಂತೆ ನಡೆಯಲಿಲ್ಲವೆಂಬ ಕಾರಣದಿಂದ, 13 ಕೇಂದ್ರಗಳ ವಿಷಯದಲ್ಲಿ ಜನರ ಪಕ್ಷವನ್ನೇ ಎತ್ತಿಹಿಡಿದರು. ಧರ್ಮಾಧ್ಯಕ್ಷರು ಆ ತೀರ್ಪಿಗೆ ತಲೆಬಾಗಿದರು. ಅವುಗಳಲ್ಲಿ ಬಹುಪಾಲು ದೇವಾಲಯಗಳ ಬಾಗಿಲು ಮತ್ತೆ ತೆರೆಯಿತು.

ಮೂರನೆಯದು ಬಾಲ್ಟಿಮೋರ್. ಆ ದೇಶದ ಮೊತ್ತಮೊದಲ ಕ್ಯಾಥೋಲಿಕ ಧರ್ಮಪ್ರಾಂತ್ಯ ಅದು, 1789ರದು. ಅದರ ಪಕ್ಕದ ಸ್ಪ್ಯಾರೋಸ್ ಪಾಯಿಂಟಿನ ಮಹಾ ಉಕ್ಕಿನ ಕಾರ್ಖಾನೆ 2012ರಲ್ಲಿ ಮುಚ್ಚಿತು. 1950ರಲ್ಲಿ ಸುಮಾರು 9 ಲಕ್ಷ 50 ಸಾವಿರವಿದ್ದ ಪಟ್ಟಣದ ಜನಸಂಖ್ಯೆ 2020ರಲ್ಲಿ ಸುಮಾರು 5 ಲಕ್ಷ 86 ಸಾವಿರ. ಅಲ್ಲಿ ಎರಡು ವರ್ಷಗಳಷ್ಟು ಕಾಲ ಜನರ ಸಭೆಗಳನ್ನು ನಡೆಸಿ, ಕೇಳಿ, ಚರ್ಚಿಸಿ, 2024ರ ಮೇ ತಿಂಗಳಲ್ಲಿ ಪಟ್ಟಣದ ಮತ್ತು ಅದರ ಅಂಚಿನ 61 ಧರ್ಮಕೇಂದ್ರಗಳನ್ನು 23ಕ್ಕೆ ಇಳಿಸುವ ನಿರ್ಣಯವನ್ನು ಪ್ರಕಟಿಸಿದರು. ಪೂಜೆಯ ಸ್ಥಾನಗಳು 30 ಉಳಿದುವು. ಇಲ್ಲಿಯೂ ಕಣ್ಣೀರು ಹರಿಯದಿರಲಿಲ್ಲ. ಆದರೆ ಕೇಳಿದ ಮೇಲೆ ಹೇಳುವುದಕ್ಕೂ, ಹೇಳಿದ ಮೇಲೆ ಕೇಳುವುದಕ್ಕೂ ಇರುವ ಅಂತರ ಸಣ್ಣದಲ್ಲ.

ಪರದೇಶದ ಮಾತು ಸಾಕು. ನಮ್ಮ ಕರ್ಣಾಟಕದಲ್ಲಿಯೇ ಜನವಿಲ್ಲದ ದೇವರ ಮನೆಗಳ ಕಥೆಗಳುಂಟು. ಹಾಸನದ ಹತ್ತಿರ ಶೆಟ್ಟಿಹಳ್ಳಿಯೆಂಬಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಒಂದು ದೊಡ್ಡ ದೇವಾಲಯವಿತ್ತು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟಾಗಿ ಹಿನ್ನೀರು ಏರಿದಾಗ ಹಳ್ಳಿಯ ಜನ ಎದ್ದುಹೋದರು. ದೇವಾಲಯ ನಿಂತಲ್ಲೇ ನಿಂತಿತು. ಮಳೆಗಾಲದಲ್ಲಿ ಅದು ಅರ್ಧ ಮುಳುಗುತ್ತದೆ. ಬೇಸಿಗೆಯಲ್ಲಿ ಎಲುಬಿನ ಗೂಡಿನಂತೆ ತಲೆಯೆತ್ತುತ್ತದೆ. ನೋಡುವವರು ದೂರದೂರದಿಂದ ಬಂದು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಅಲ್ಲಿ ಮದುವೆಯಾದವರ, ಅಲ್ಲಿ ನಾಮಕರಣವಾದವರ ಮನಸ್ಸಿನಲ್ಲಿ ಏನಿದೆಯೆಂದು ಆ ಚಿತ್ರಗಳು ಹೇಳಲಾರವು.

ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ಕಥೆ ಬೇರೆ. ಭದ್ರಾವತಿಯನ್ನು ಕಟ್ಟಿಸಿದ ವಿಶ್ವೇಶ್ವರಯ್ಯನವರೇ ಮುಂದಾಳಾಗಿ ಕಟ್ಟಿಸಿದ ಕೃಷ್ಣರಾಜಸಾಗರದ ನೀರಿನಲ್ಲಿ ಆ ಹೊಯ್ಸಳ ದೇವಸ್ಥಾನ ಮುಳುಗಿತು. ಅನೇಕ ದಶಕಗಳ ತರುವಾಯ, ಈ ಶತಮಾನದಲ್ಲಿ, ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ ತಂದು ಹೊಸ ಕನ್ನಂಬಾಡಿಯ ದಡದಲ್ಲಿ ಮತ್ತೆ ನಿಲ್ಲಿಸಲಾಯಿತು. ನಮ್ಮ ಆಗಮಶಾಸ್ತ್ರದಲ್ಲಿ ದೇವರನ್ನು ಸ್ಥಾನದಿಂದ ಕದಲಿಸುವುದಕ್ಕೂ ಒಂದು ವಿಧಿಯಿದೆ. ಜೀರ್ಣೋದ್ಧಾರ ಮಾಡುವಾಗ ಕಲಾಕರ್ಷಣವೆಂಬ ಕ್ರಿಯೆಯಿಂದ ವಿಗ್ರಹದ ಕಲೆಯನ್ನು ಕುಂಭದ ಜಲಕ್ಕೆ ಇಳಿಸಿ, ಬಾಲಾಲಯವೆಂಬ ಚಿಕ್ಕ ಗುಡಿಯಲ್ಲಿಟ್ಟು ಪೂಜೆ ತಪ್ಪದಂತೆ ನಡೆಸಿ, ಆ ಮೇಲೆ ಕಲ್ಲಿಗೆ ಕೈಹಚ್ಚತಕ್ಕದ್ದು. ಕಟ್ಟಡಕ್ಕಿಂತ ಮೊದಲು ಚೈತನ್ಯವನ್ನು ಎತ್ತಿಕೊಳ್ಳಬೇಕು, ಒಂದು ದಿನವೂ ಅದನ್ನು ದಿಕ್ಕಿಲ್ಲದಂತೆ ಬಿಡಬಾರದು ಎಂಬುದು ಇದರ ತಾತ್ಪರ್ಯ. ಮತ ಯಾವುದಾದರೂ ಈ ಬುದ್ಧಿ ಸಲ್ಲುವುದೆಂದು ನಮಗೆ ತೋರುತ್ತದೆ. ಕ್ರೈಸ್ತರ ಧರ್ಮಕೇಂದ್ರದಲ್ಲಿ ಆ ಚೈತನ್ಯವೆಂದರೆ ನೆರೆಯ ಜನ. ಮೊದಲು ಅವರನ್ನು ಎತ್ತಿಕೊಳ್ಳಬೇಕು.

ಇನ್ನು ಕೋಲಾರದ ಚಿನ್ನದ ಗಣಿಯ ಊರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆದರೆ ಜನರೆಲ್ಲ ಮನೆ ಬಿಟ್ಟು ಹೋಗಲಿಲ್ಲ. ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮನೆ ಸೇರುವವರು ಸಾವಿರಾರು. ಆ ಊರಿನಲ್ಲಿ ಭಾನುವಾರದ ಗಂಟೆಗೆ ಓಗೊಡುವವರು ಇದ್ದಾರೆ. ಇಲ್ಲವಾದದ್ದು ಹಗಲಿನ ಅನ್ನ. ಆದುದರಿಂದ ಕಾರ್ಖಾನೆ ನಿಂತ ಕೂಡಲೆ ದೇವಾಲಯ ಬರಿದಾಯಿತೆಂದು ಯಾರೂ ಆತುರದಿಂದ ಲೆಕ್ಕ ಮುಗಿಸಬಾರದು.

ನಮ್ಮ ಜಿಲ್ಲೆಯಲ್ಲಿಯೂ ಹಾಗೆಯೇ. ಒಂದೆಡೆ ಇಳಿತವಾದರೆ ಇನ್ನೊಂದೆಡೆ ಏರು. 1988ರಲ್ಲಿ ಚಿಕ್ಕಮಗಳೂರಿನಿಂದ ಬೇರ್ಪಟ್ಟು ಶಿವಮೊಗ್ಗೆಯ ಕ್ಯಾಥೋಲಿಕ ಧರ್ಮಪ್ರಾಂತ್ಯವಾಯಿತು, ಬಿ. ಎಚ್. ರಸ್ತೆಯ ಪವಿತ್ರ ಹೃದಯದ ದೇವಾಲಯ ಅದರ ಪ್ರಧಾನಾಲಯ. ಕೇರಳದಿಂದ ಬಂದು ಮಲೆನಾಡಿನಲ್ಲಿ ಬೇಸಾಯ ಹಿಡಿದು ನಿಂತ ಸಿರೋ-ಮಲಬಾರ್ ಸಂಪ್ರದಾಯದ ಕ್ರೈಸ್ತರಿಗಾಗಿ 2007ರಲ್ಲಿ ಭದ್ರಾವತಿಯ ಹೆಸರಿನಲ್ಲಿಯೇ ಹೊಸತೊಂದು ಧರ್ಮಪ್ರಾಂತ್ಯ ಹುಟ್ಟಿತು. ಕುಲುಮೆಯ ಜನ ಕರಗಿದ ಊರಿನ ಹೆಸರನ್ನು ನೇಗಿಲಿನ ಜನ ಎತ್ತಿಕೊಂಡರು! ಮದುವೆಯಾದ ಮಕ್ಕಳು ಶಿವಮೊಗ್ಗೆಯ ಹೊಸ ಬಡಾವಣೆಗಳಿಗೆ ಬಂದು ಮನೆ ಕಟ್ಟುತ್ತಾರೆ. ತಂದೆತಾಯಿಗಳು ಇಪ್ಪತ್ತು ಕಿಲೋಮೀಟರಿನ ಆಚೆ ಬೀಗ ಹಾಕಿದ ಸಾಲುಮನೆಗಳ ನಡುವೆ ಉಳಿಯುತ್ತಾರೆ. ನಕ್ಷೆಯ ಮೇಲೆ ಇದು ಸುಲಭವಾದ ಲೆಕ್ಕ. ಊರುಗೋಲು ಹಿಡಿದವರಿಗೆ ಸುಲಭವಲ್ಲ.

ಲೆಕ್ಕ ಸುಲಭವೆಂದು ನಂಬಿ ನಾವೇ ಒಮ್ಮೆ ತಪ್ಪಿದೆವು. ಅದನ್ನು ಹೇಳದೆ ಇತರರಿಗೆ ಬುದ್ಧಿ ಹೇಳಲು ಹೊರಟರೆ ವಾಚಕರು ನಗುವರು. ಸೇವೆಯ ಕೊನೆಯ ವರ್ಷಗಳಲ್ಲಿ ನಾವು ಒಂದು ಹಳ್ಳಿಯ ಸಣ್ಣ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದೆವು. ಮಕ್ಕಳು ಹನ್ನೊಂದು. ಪಕ್ಕದ ಹಳ್ಳಿಯ ಶಾಲೆಗೆ ಸೇರಿಸತಕ್ಕದ್ದೆಂದು ಮೇಲಿನಿಂದ ಕಾಗದ ಬಂತು. ಕಾರಣ ನ್ಯಾಯವಾದದ್ದೇ, ಹನ್ನೊಂದು ಮಕ್ಕಳಿಗೆ ಪಾಠವೂ ಚೆನ್ನಾಗಿ ನಡೆಯುತ್ತಿರಲಿಲ್ಲ. ತಂದೆತಾಯಿಗಳ ಸಭೆ ಕರೆದು ಒಂದು ಮಾತು ಕೇಳಬಹುದಾಗಿತ್ತು. ಕೇಳಿದರೆ ಗಲಾಟೆಯಾದೀತೆಂದು ಕೇಳಲಿಲ್ಲ. ಬೀಗದ ಕೈಯನ್ನು ಒಪ್ಪಿಸಿದೆವು. ದಾಖಲಾತಿಯ ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿ ಒಂದು ಕೋಣೆಯ ಮೂಲೆಯಲ್ಲಿಟ್ಟೆವು.

ಹೊಸ ಶಾಲೆಗೆ ಹೋದ ಮಕ್ಕಳು ಏಳು. ಉಳಿದ ನಾಲ್ವರಲ್ಲಿ ಮೂವರು ಹೆಣ್ಣುಮಕ್ಕಳು. ನಡುವೆ ಹಳ್ಳ ದಾಟಬೇಕೆಂದು ಮನೆಯವರು ಕಳುಹಿಸಲಿಲ್ಲ. ಮೂರು ವರ್ಷಗಳ ಮೇಲೆ ಆ ಶಾಲೆಯಲ್ಲಿ ಓದಿದ್ದ ಮುದುಕನೊಬ್ಬ ಪಿಂಚಣಿಗಾಗಿ ಹುಟ್ಟಿದ ತಾರೀಕಿನ ರುಜುವಾತು ಬೇಕೆಂದು ಬಂದ. ಚೀಲ ಬಿಚ್ಚಿದೆವು. ಗೆದ್ದಲು ಆ ಪುಟಗಳನ್ನು ನಮಗಿಂತ ಶ್ರದ್ಧೆಯಿಂದ ಓದಿ ಮುಗಿಸಿತ್ತು. ಮುದುಕ ಬೈಯಲಿಲ್ಲ, ‘ಹೋಗಲಿ ಬಿಡಿ ಮೇಷ್ಟ್ರೇ, ನಾ ಓದಿದ್ದು ನಿಮಗಾದರೂ ಗೊತ್ತಲ್ಲ’ ಎಂದು ಹೇಳಿ ಹೊರಟುಹೋದ. ಅವನು ಓದಿದ ಕಾಲದಲ್ಲಿ ನಾವು ಹುಟ್ಟಿಯೇ ಇರಲಿಲ್ಲ. ಆ ಶಾಲೆಯನ್ನು ಕೂಡಿಸಿದ್ದು ತಪ್ಪೆಂದು ನಾವು ಇಂದಿಗೂ ಹೇಳುವುದಿಲ್ಲ. ಕೇಳದೆ ಕೂಡಿಸಿದ್ದು ತಪ್ಪು. ಹಳ್ಳವನ್ನು ಎಣಿಸದೆ ಮಕ್ಕಳನ್ನು ಮಾತ್ರ ಎಣಿಸಿದ್ದು ತಪ್ಪು. ಪುಸ್ತಕಗಳನ್ನು ಗೋಣಿಗೆ ತುಂಬಿದ್ದು ತಪ್ಪು. ಮೂರೂ ನಮ್ಮವೇ.

ಇಷ್ಟು ತಿಳಿದ ಮೇಲೆ ಗೆಳೆಯರಿಗೆ ಕಾಗದ ಬರೆದೆವು. ಅದರ ಸಾರಾಂಶ ಹೀಗೆ. ‘ಮೇಷ್ಟ್ರೇ, ತಾವು ಎಣಿಸಿದ ಲೆಕ್ಕವನ್ನು ಬಚ್ಚಿಡಬೇಡಿ. ಸತ್ಯವಾದ ಲೆಕ್ಕವಿಲ್ಲದ ಕಡೆ ನಿರ್ಣಯ ತಡವಾಗುತ್ತದೆ. ತಡವಾದ ಮನೆಗೆ ಸೋರುವ ಮಾಡೂ ತೀರದ ಸಾಲವೂ ಬಂದು, ಕೊನೆಗೆ ಯಾರೂ ಯಾರನ್ನೂ ಕೇಳದೆ ಬೀಗ ಬೀಳುತ್ತದೆ. ಆದರೆ ತಮ್ಮ ಪುಸ್ತಕದಲ್ಲಿ ಒಂದೇ ಸಾಲು ಅಂಕಿಯಿದೆ; ಅದು ಸಾಲದು. ಅದರ ಪಕ್ಕದಲ್ಲಿ ಇನ್ನೊಂದು ಗೀಟೆಳೆಯಿರಿ. ಬರುವವರಲ್ಲಿ ನಡೆದು ಬರುವವರೆಷ್ಟು, ಪಕ್ಕದ ದೇವಾಲಯದವರೆಗೆ ನಡೆಯಲಾರದವರೆಷ್ಟು, ಮನೆಯಲ್ಲಿಯೇ ಹಾಸಿಗೆ ಹಿಡಿದವರೆಷ್ಟು, ಯಾರ ಮನೆಯಲ್ಲಿ ವಾಹನವಿದೆ, ಯಾರಿಗೆ ಯಾವ ಭಾಷೆಯ ಪೂಜೆ ಬೇಕು, ಇವನ್ನು ಬರೆಯಿರಿ. ಸಮಾಧಿಗಳನ್ನು ನೋಡಿಕೊಳ್ಳುವವರು ಯಾರು, ದಫ್ತರಗಳು ಯಾವ ಬೀರುವಿನಲ್ಲಿವೆ ಎಂಬುದನ್ನೂ ಬರೆಯಿರಿ. ಆ ಪುಸ್ತಕವನ್ನು ಕೈಯಲ್ಲಿ ಹಿಡಿದವರು ಕೂಡಿಸಿದರೂ ಕುರುಡಾಗಿ ಕೂಡಿಸಲಾರರು. ಕೂಡಿಸದಿದ್ದರೂ ಕುರುಡಾಗಿ ಬಿಡಲಾರರು.’

ಈ ಮಾತು ಕ್ರೈಸ್ತರಿಗೆ ಮಾತ್ರವಲ್ಲ. ಅರ್ಚಕರಿಗೆ ಸಂಬಳ ಹುಟ್ಟದ ಗುಡಿಗಳೂ, ಸಾಲು ತುಂಬದ ಮಸೀದಿಗಳೂ, ಸದಸ್ಯರಿಲ್ಲದ ಭಜನಾಮಂದಿರಗಳೂ ಇಳಿಯುತ್ತಿರುವ ಊರುಗಳಲ್ಲಿ ಇರಲೇಬೇಕು. ಗೃಹಸ್ಥರು ಮಾಡಬಹುದಾದ ಕೆಲಸ ಸಣ್ಣದು. ತಾವು ಬಿಟ್ಟುಬಂದ ಊರಿನ ದೇವರ ಮನೆಗೆ ವರ್ಷಕ್ಕೊಮ್ಮೆ ಹೋಗಿ ಹಬ್ಬದ ಊಟ ಮಾಡಿಬರುವುದು ಸಂತೋಷವೇ. ಆದರೆ ಉಳಿದ ಐವತ್ತೊಂದು ವಾರ ಅಲ್ಲಿ ದೀಪ ಹಚ್ಚುವವರು ಯಾರು ಎಂದು ಒಮ್ಮೆ ಕೇಳಿ. ನಿಮ್ಮ ತಂದೆತಾಯಿಗಳನ್ನು ಭಾನುವಾರ ಕರೆದೊಯ್ಯುವ ಆಟೋರಿಕ್ಷಾದವನ ಹೆಸರು ನಿಮಗೆ ಗೊತ್ತೆ? ಗೊತ್ತಿಲ್ಲದಿದ್ದರೆ, ಆ ದೇವಾಲಯವನ್ನು ಮುಚ್ಚಬಾರದೆಂದು ದೂರದಿಂದ ಕೋಪಿಸಿಕೊಳ್ಳುವ ಹಕ್ಕು ನಮಗೂ ನಿಮಗೂ ಅಷ್ಟಾಗಿ ಇಲ್ಲ.

ಮೊನ್ನೆ ಗೆಳೆಯರ ಉತ್ತರ ಬಂತು. ಎರಡನೆಯ ಗೀಟನ್ನು ಎಳೆದಿದ್ದಾರೆ. ಆದರೆ ಅದನ್ನು ದೇವಾಲಯದ ಬೆಂಚಿನ ಮೇಲೆ ಕುಳಿತು ತುಂಬಲಾಗುವುದಿಲ್ಲವೆಂದು ತಿಳಿಯಿತಂತೆ; ಮನೆಮನೆಗೂ ಹೋಗಬೇಕಾಯಿತಂತೆ. ಒಬ್ಬೊಬ್ಬರ ಮನೆಯಲ್ಲಿಯೂ ಕಾಫಿ, ಒಬ್ಬೊಬ್ಬರದೂ ಒಂದೊಂದು ಕಥೆ. ಒಂದು ಬೀದಿ ಮುಗಿಯಲು ನಾಲ್ಕು ದಿನ ಹಿಡಿಯಿತಂತೆ. ಪುಸ್ತಕವನ್ನು ಇನ್ನೂ ಗುರುಗಳಿಗೆ ಕೊಟ್ಟಿಲ್ಲ. ತುಂಬಿದ ಮೇಲೆ ಕೊಡುತ್ತಾರೆ. ಕೊನೆಯಲ್ಲಿ ಹೀಗೆ ಬರೆದಿದ್ದಾರೆ: ‘ಪಂಡಿತರೇ, ದೇವಾಲಯ ಉಳಿಯುವುದೋ ಇಲ್ಲವೋ ಹೇಳಲಾರೆ. ಆದರೆ ನಡೆಯಲಾರದ ಇಬ್ಬರು ಮುದುಕಿಯರು ಮೂರು ವರ್ಷಗಳಿಂದ ಪೂಜೆಗೆ ಬಂದಿರಲಿಲ್ಲ. ನನ್ನ ಲೆಕ್ಕದಲ್ಲಿ ಅವರು ಇರಲೇ ಇಲ್ಲ. ಕಳೆದ ಭಾನುವಾರ ಒಂದು ಆಟೋದಲ್ಲಿ ಇಬ್ಬರನ್ನೂ ಕರೆತಂದೆ. ಆ ವಾರದ ಅಂಕಿಗೆ ಎರಡು ಕೂಡಿತು.’